ನೋಡದೆ ಇಟ್ಟ ಆಣೆ

ನನ್ನ ದೊಡ್ಡಪ್ಪ ಜುನುಷ್ ಹದಿನೆಂಟು ವರ್ಷ ಬಿಯ್ ಆಗಿದ್ದ, ಅಂದರೆ ನ್ಯಾಯ ಹೇಳುವವನು. ಆಮೇಲೆ ಆರು ವರ್ಷ ಬೊಲುಷ್ ಆಗಿ, ಸಾವಿರದ ಇನ್ನೂರು ಗುಡಾರಗಳ ಮೇಲೆ ರಷ್ಯಾದ ಬಿಳಿ ಚಕ್ರವರ್ತಿಯ ಪರವಾಗಿ ಅಧಿಕಾರ ನಡೆಸಿದ. ನಾಲ್ಕು ತಿಂಗಳು ಕಾರಾಕೋಲ್ ಪಟ್ಟಣದ ಜೈಲಿನಲ್ಲಿದ್ದ. ಕೊನೆಯ ಎಂಟು ವರ್ಷ ನನ್ನ ಅಪ್ಪನ ಗುಡಾರದಲ್ಲಿ ಕುರಿಮರಿ ಕಾಯ್ದುಕೊಂಡಿದ್ದು ಸತ್ತ. ಒಳಗೆ ಹಿರಿಯರ ಜಾಗಕ್ಕೆ ಕರೆದರೂ ಬರುತ್ತಿರಲಿಲ್ಲ, ಬಾಗಿಲ ಪಕ್ಕದ ಕಂಬಳಿಯೇ ಸಾಕೆನ್ನುತ್ತಿದ್ದ.

ಅವನ ವಿಷಯ ಹೇಳುವವರೆಲ್ಲ ಆ ಇಪ್ಪತ್ತನಾಲ್ಕು ವರ್ಷದ ಅಧಿಕಾರದ ಕಥೆ ಹೇಳಿ ಬಾಯಿ ಒರೆಸಿಕೊಳ್ಳುತ್ತಾರೆ. ನಾನು ಅವನ ತಮ್ಮ ಕುರ್ಮಾನನ ಮಗಳು, ಬೂರುಲ್. ನನಗೆ ಅವನ ಮೇಲೆ ಸಿಟ್ಟಿತ್ತು. ಈಗಲೂ ಒಂದಿಷ್ಟು ಇದೆ. ಆದರೆ ಮೆಚ್ಚಿಕೊಂಡವರಿಗಿಂತ ಸಿಟ್ಟಾದವರೇ ಸರಿಯಾಗಿ ನೆನಪಿಟ್ಟುಕೊಳ್ಳುವುದು, ಆದ್ದರಿಂದ ಹೇಳುತ್ತೇನೆ.

ನನ್ನ ಅಜ್ಜನಿಗೆ ಅರವತ್ತು ಕುರಿ, ಎಂಟು ಕುದುರೆ, ಇಬ್ಬರು ಗಂಡುಮಕ್ಕಳು. ಚಳಿಗಾಲಕ್ಕೆ ತೆರೆಕ್-ಸೂ ಹೊಳೆಯ ಕೆಳದಂಡೆ, ಬೇಸಿಗೆಗೆ ಮೇಲಿನ ಹುಲ್ಲುಗಾವಲು. ದೊಡ್ಡವನು ಜುನುಷ್ ಹನ್ನೆರಡು ವರ್ಷಕ್ಕೇ ಪಂಚಾಯಿತಿ ನಡೆಯುವಲ್ಲಿ ಬಿಳಿಗಡ್ಡದವರ ಬೆನ್ನ ಹಿಂದೆ ಕೂತು ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಿದ್ದ. ಯಾವ ವರ್ಷ, ಯಾರ ಕುದುರೆ, ಏನು ದಂಡ, ಎಲ್ಲವೂ ಅವನ ತಲೆಯಲ್ಲಿ. ನಾಲ್ಕು ವರ್ಷ ಚಿಕ್ಕವನಾದ ನನ್ನ ಅಪ್ಪ ಕುರ್ಮಾನನಿಗೆ ಕೂತಲ್ಲಿ ಕೂರುವುದೇ ಬರುತ್ತಿರಲಿಲ್ಲ. ಮರಿಗುದುರೆಗಳನ್ನು ಪಳಗಿಸುವುದು, ಹಲ್ಲು ಮುರಿದುಕೊಳ್ಳುವುದು, ಮುರಿದ ಹಲ್ಲು ತೋರಿಸಿ ನಗುವುದು ಅವನ ಕೆಲಸ.

ಹಿಂದಿನ ಕಾಲದಲ್ಲಿ ಯಾರ ಮಾತನ್ನು ಜನ ಕೇಳುತ್ತಿದ್ದರೋ ಅವನೇ ಬಿಯ್. ಬಿಳಿ ಚಕ್ರವರ್ತಿಯ ಜನ ಬಂದ ಮೇಲೆ ಅದಕ್ಕೂ ಚುನಾವಣೆ ಬಂತು. ಐವತ್ತು ಗುಡಾರಕ್ಕೆ ಒಬ್ಬನಂತೆ ಆರಿಸಿ ಬಂದವರು ಚೀಲಕ್ಕೆ ಗೋಲಿ ಹಾಕಬೇಕು, ಒಬ್ಬ ರಷ್ಯನ್ ಅಧಿಕಾರಿ ಎಣಿಸಬೇಕು, ಕಾರಾಕೋಲಿನ ಕರ್ನಲ್ ದೊರೆ ಒಪ್ಪಬೇಕು. ಗೋಲಿ ಚೀಲಕ್ಕೆ ಬೀಳುವ ಮೊದಲು ಯಾರ ಎಷ್ಟು ಕುರಿ ಯಾರ ಹೊಟ್ಟೆಗೆ ಬಿತ್ತು ಎನ್ನುವುದು ಬೇರೆ ಮಾತು. ಆ ಸಲ ಇಬ್ಬರು ಸಾಹುಕಾರರು ಹಟಕ್ಕೆ ಬಿದ್ದು ಅರ್ಧ ಮಂದೆಯನ್ನೇ ಕೊಯ್ದು ಹಾಕಿದರು. ಉಂಡವರು ಇಬ್ಬರಿಗೂ ನಾಮ ಹಾಕಿ, ಒಂದು ಮೂಳೆಯನ್ನೂ ಕೊಡದ ಇಪ್ಪತ್ತಾರು ವರ್ಷದ ಜುನುಷನನ್ನು ಆರಿಸಿದರು. ಇಬ್ಬರ ಜಗಳ ಮೂರನೆಯವನಿಗೆ ಲಾಭ.

ಅವನ ನ್ಯಾಯ ಚೆನ್ನಾಗಿಯೇ ಇತ್ತು. ಬೊತೊಬಾಯ್ ಎಂಬವನ ಕಿವಿಯನ್ನು ಪಕ್ಕದ ಮನೆಯ ಒಂಟೆ ಕಚ್ಚಿ ಕಿತ್ತಿತ್ತು. ಅವನು ರಕ್ತದ ಬಟ್ಟೆ ಸುತ್ತಿಕೊಂಡು ಬಂದು ಕಿವಿಗೆ ದಂಡ ಕೇಳಿದ. ಒಂಟೆಯವನು, ಇವನು ನನ್ನ ಹುಲ್ಲು ಕದಿಯಲು ಬಂದಿದ್ದ ಎಂದ. ವಿಚಾರಿಸಿದರೆ ಎರಡೂ ನಿಜ.

"ಬೊತೊಬಾಯ್, ಕಳ್ಳತನ ಮಾಡಬೇಡ ಅಂತ ನಿಮ್ಮಪ್ಪ ಹೇಳಿರ್ಲಿಲ್ವಾ?"

"ಹೇಳಿದ್ದ."

"ನಿನ್ನ ಹೆಂಡತಿ?"

"ದಿನಾ ಹೇಳ್ತಾಳೆ."

"ಅಷ್ಟು ಜನ ಹೇಳಿದ್ದನ್ನ ಒಂದು ದಿನಾನೂ ಕೇಳದ ಕಿವಿಗೆ ಏನಯ್ಯಾ ಬೆಲೆ? ಒಂದು ಹೊರೆ ಹುಲ್ಲು. ಹುಲ್ಲು ನಿನಗೆ, ಕಿವಿ ಒಂಟೆಗೆ. ಏಳಿ, ಊಟ ಮಾಡಿ ಹೋಗಿ."

ಇಬ್ಬರೂ ನಕ್ಕುಕೊಂಡೇ ಹೋದರಂತೆ. ನಕ್ಕವರು ಮತ್ತೆ ಜಗಳ ತರುವುದಿಲ್ಲ, ಅದು ದೊಡ್ಡಪ್ಪನಿಗೆ ಗೊತ್ತಿತ್ತು. ಸಾಕ್ಷಿ ಹೇಳಲು ಯಾರೇ ಬರಲಿ, ಅವನ ಮೊದಲ ಪ್ರಶ್ನೆ ಒಂದೇ: "ಕಂಡ್ಯೋ, ಕೇಳಿದ್ಯೋ?" ಕೇಳಿದ್ದು ಎಂದರೆ, "ಹಾಗಾದ್ರೆ ಕುಮಿಸ್ ಕುಡಿದು ಮನೆಗೆ ಹೋಗು." ಕುಮಿಸ್ ಎಂದರೆ ಹುಳಿ ಬಂದ ಕುದುರೆ ಹಾಲು. ಆ ಪ್ರಶ್ನೆ ಕಣಿವೆಯಲ್ಲಿ ಗಾದೆಯೇ ಆಗಿಹೋಗಿತ್ತು. ಮದುವೆ ಮಾತಿಗೆ ಬಂದವರು ಹುಡುಗಿ ಚೆಂದ ಇದ್ದಾಳೆ ಎಂದರೂ, "ಕಂಡ್ಯೋ, ಕೇಳಿದ್ಯೋ?" ಎಂದು ಹೆಂಗಸರು ರೇಗಿಸುತ್ತಿದ್ದರು.

ಕಂಡವರೇ ಇಲ್ಲದಿದ್ದರೆ? ಆಗ ಆಣೆ. ನಮ್ಮಲ್ಲಿ ಅದಕ್ಕೆ ಜೀವ ಕೊಡುವುದು ಎನ್ನುತ್ತೇವೆ. ತಪ್ಪು ಹೊತ್ತವನು ತಾನೇ ಆಣೆ ಇಡುವ ಹಾಗಿಲ್ಲ. ಕಳ್ಳನ ಬಾಯಿಗೆ ಬೆಲೆ ಏನು? ಅವನ ರಕ್ತಸಂಬಂಧಿಗಳಲ್ಲಿ ಒಬ್ಬನನ್ನು ದೂರು ಕೊಟ್ಟವನು ಆರಿಸುತ್ತಾನೆ. ಆರಿಸಿಕೊಂಡವನು ಹಿರಿಯರ ಗೋರಿಯನ್ನು ಮೂರು ಸುತ್ತು ಸುತ್ತಿ, ಮದ್ದು ತುಂಬಿದ ಕೋವಿಯ ಬಾಯಿಗೆ ತುಟಿ ಇಟ್ಟು, ನನ್ನವನು ನಿರ್ದೋಷಿ ಎನ್ನಬೇಕು. ಎಂದರೆ ವ್ಯಾಜ್ಯ ಮುಗಿಯಿತು. ಸುಮ್ಮನೆ ತಿರುಗಿ ಹೋದರೆ ತಪ್ಪು ಸಾಬೀತಾಯಿತು. ಆಣೆ ಸುಳ್ಳಾದರೆ ಅದು ಮೊದಲು ಹಿಡಿಯುವುದು ಆಣೆ ಇಟ್ಟವನ ಮನೆಯ ಅತಿ ಚಿಕ್ಕ ಮಗುವನ್ನು. ಹೀಗೆಂದು ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ.

ಹನ್ನೆರಡು ಪ್ರಾಣಿಗಳ ಹೆಸರಲ್ಲಿ ವರ್ಷ ಎಣಿಸುವ ನಮ್ಮ ಲೆಕ್ಕದಲ್ಲಿ ಅದು ಕುರಿ ವರ್ಷದ ವಸಂತ. ನನಗೆ ಹತ್ತು ವರ್ಷ. ಪಕ್ಕದ ಸಾರಿ ಕುಲದ ಎರ್ನಾಜರನ ಒಂಬತ್ತು ಹೆಣ್ಣುಕುದುರೆ ಕಾಣೆಯಾದವು. ಹೆಜ್ಜೆಗುರುತು ನಮ್ಮ ಹೊಳೆಯವರೆಗೆ ಬಂದು ನೀರಲ್ಲಿ ಅಳಿಸಿಹೋಗಿತ್ತು. ಅದೇ ಬೆಳಿಗ್ಗೆ ಅಪ್ಪ ಬೆವರಿದ ಕುದುರೆಯ ಮೇಲೆ ಹಿಂತಿರುಗಿದ್ದನ್ನು ಇಬ್ಬರು ನೋಡಿದ್ದರು. ತಪ್ಪಿಸಿಕೊಂಡ ತನ್ನ ಕುದುರೆ ಹುಡುಕಲು ಹೋಗಿದ್ದೆ, ಸಿಗಲಿಲ್ಲ ಎಂದು ಅಪ್ಪ ಹೇಳಿದ. ಎರ್ನಾಜರ್ ಕೆಟ್ಟವನಲ್ಲ. ಆದರೆ ಒಂಬತ್ತು ಕುದುರೆ ಕಳೆದುಕೊಂಡವನಿಗೆ ಯಾರ ಮುಖ ನೋಡಿದರೂ ಕಳ್ಳನಂತೆಯೇ ಕಾಣುತ್ತದೆ.

ಸ್ವಂತ ತಮ್ಮನ ವ್ಯಾಜ್ಯವೆಂದು ದೊಡ್ಡಪ್ಪ ಎದ್ದು ಆಚೆ ಕೂತ. ಸಾದಿಕ್ ಎಂಬ ಮುದಿ ಬಿಯ್ ವಿಚಾರಣೆಗೆ ಬಂದ. ಕಂಡವರಿಲ್ಲ, ಆದ್ದರಿಂದ ಆಣೆ. ಯಾರನ್ನು ಆರಿಸುತ್ತೀಯೆಂದು ಕೇಳಿದರೆ ಎರ್ನಾಜರ್ ಎರಡನೇ ಸಲ ಯೋಚಿಸಲಿಲ್ಲ.

"ಜುನುಷ್ ಬಿಯ್. ಈ ಕಣಿವೆಯಲ್ಲಿ ಸುಳ್ಳು ಹೇಳದವನು ಇವನೊಬ್ಬ. ಇವನು ಜೀವ ಕೊಟ್ರೆ ನಾನು ಕುದುರೆ ಮರೆತು ಮನೆಗೆ ಹೋಗ್ತೀನಿ."

ಅಪ್ಪನಿಗೆ ನಗು ಬಂದೇಬಿಟ್ಟಿತು. ಗೆದ್ದೆವು ಎಂದೇ ನಾವೆಲ್ಲ ಅಂದುಕೊಂಡೆವು. ಅಮ್ಮ ಆ ದಿನವೇ ಹಿಟ್ಟು ಕಲಸಿ, ನಾಳೆ ಬರುವವರಿಗೆಂದು ಬೊರ್ಸೊಕ್ ಕರಿಯಲು ಕೂತಳು.

ಸಂಜೆಗೆ ದೊಡ್ಡಪ್ಪ ನಮ್ಮಲ್ಲಿಗೆ ಬಂದ. ಒಳಗೆ ಬರಲಿಲ್ಲ. ಅಪ್ಪ ಕುದುರೆಗೆ ನೀರು ಕುಡಿಸುತ್ತಿದ್ದ, ನಾನು ಬಕೆಟ್ ಹಿಡಿದಿದ್ದೆ.

"ಆ ದಿನ ನಿನ್ನ ಜೊತೆ ಯಾರಿದ್ರು?"

"ಯಾರೂ ಇರ್ಲಿಲ್ಲ."

"ದಾರೀಲಿ ಯಾರಾದ್ರೂ ಕಂಡ್ರಾ?"

"ಯಾರೂ ಇಲ್ಲ ಅಣ್ಣ."

"ಹಾಗಾದ್ರೆ ನೀನು ಎಲ್ಲಿದ್ದೆ ಅಂತ ನಂಗೆ ಹೇಗೆ ಗೊತ್ತಾಗಬೇಕು?"

"ಹೇಗೆ ಅಂದ್ರೆ? ನಾನು ಹೇಳ್ತಿದ್ದೀನಲ್ಲ!" ಎಂದು ಅಪ್ಪ ನಕ್ಕ. ದೊಡ್ಡಪ್ಪ ನಗಲಿಲ್ಲ.

ಮರುದಿನ ಮುತ್ತಜ್ಜನ ಮಣ್ಣಿನ ಗೋರಿಯ ಸುತ್ತ ಎರಡು ಕುಲದವರೂ ಸೇರಿದರು. ಹೆಂಗಸರು ಮಕ್ಕಳು ಮೇಲಿನ ಇಳಿಜಾರಿನಲ್ಲಿ. ಸಾದಿಕ್ ಬಿಯ್ ಕರೆದ. ದೊಡ್ಡಪ್ಪ ಗೋರಿಯ ಮುಂದೆ ಬಂದು, ಚೆಲ್ಲಿದ ಕಾಳು ಆಯುವವನ ಹಾಗೆ ನೆಲವನ್ನೇ ನೋಡುತ್ತ ನಿಂತ.  ಆಮೇಲೆ, "ನಾನು ಕಂಡಿಲ್ಲ" ಎಂದ. ತಿರುಗಿ ಹೋಗಿ ಕುದುರೆ ಹತ್ತಿದ.

ಅಷ್ಟೇ. ನಮ್ಮಲ್ಲಿ ಅಷ್ಟು ಸಾಕು.

ದಂಡ ಮೂರು ಒಂಬತ್ತು. ಇಪ್ಪತ್ತೇಳು ಕುದುರೆ ಅಪ್ಪನ ಹತ್ತಿರ ಎಲ್ಲಿದ್ದವು? ಇದ್ದ ಹದಿನಾಲ್ಕು ಹೋದವು, ಉಳಿದದ್ದಕ್ಕೆ ಹಸು, ಕುರಿ, ಅಮ್ಮನ ಬೆಳ್ಳಿಯ ಜಡೆಬಿಲ್ಲೆ. ತೊಟ್ಟಿಲಲ್ಲೇ ಗೊತ್ತಾಗಿದ್ದ ನನ್ನ ಮದುವೆಯ ಮಾತು ಮುರಿದುಬಿತ್ತು. ಕಳ್ಳನ ಮಗಳು ಬೇಡವೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ; ಕೊಟ್ಟಿದ್ದ ಕುದುರೆ ಮರಿಯನ್ನು ವಾಪಸು ಕೇಳಿದರು, ಅದೂ ಹೋಗಿದೆ ಎಂದಾಗ ನಾಲಿಗೆ ಲೊಚಗುಟ್ಟಿ ಹೊರಟರು.

ಅಜ್ಜಿ ಇನ್ನೂ ಇದ್ದಳು. ತಾನೇ ನಡೆದು ದೊಡ್ಡಪ್ಪನ ಗುಡಾರಕ್ಕೆ ಹೋದಳು, ನಾನು ಅವಳ ಕೋಲಿನ ಕಡೆ ಇದ್ದೆ.

"ಯಾಕೋ ಹೀಗೆ ಮಾಡ್ದೆ?"

"ಅವ್ವಾ, ನಾನು ಕಂಡಿಲ್ಲ. ಕಾಣದ್ದಕ್ಕೆ ಹೇಗೆ ಆಣೆ ಇಡ್ಲಿ?"

"ಕಂಡಿದ್ದಕ್ಕೆ ಆಣೆ ಯಾಕೋ ಬೇಕು, ಮುಠ್ಠಾಳ? ಕಂಡಿದ್ದಕ್ಕೆ ಸಾಕ್ಷಿ ಸಾಕು. ಕಾಣದೆ ಇದ್ದಾಗ್ಲೇ ಆಣೆ. ಅವರು ನಿನ್ನನ್ನ ಕುದುರೆ ವಿಷಯ ಕೇಳ್ಲಿಲ್ಲ, ನಿನ್ನ ತಮ್ಮನ ವಿಷಯ ಕೇಳಿದ್ರು."

"ಸುಳ್ಳಾಗಿದ್ರೆ? ನನಗೂ ಮಕ್ಕಳಿದ್ದಾರೆ."

"ಸುಳ್ಳು ಅಂತ ನಿನಗೆ ಅನ್ನಿಸ್ತಾ?"

"ಇಲ್ಲ."

"ನಿಜ ಅಂತ?"

ದೊಡ್ಡಪ್ಪ ಒಲೆಯ ಬೂದಿ ಕೆದಕಿದ.

"ಮೂವತ್ತು ವರ್ಷ ಇಬ್ರೂ ಒಂದೇ ಬಟ್ಟಲಲ್ಲಿ ಕುಡಿದ್ರಿ. ಏನು ಕಂಡೆ ಆ ಬಟ್ಟಲಲ್ಲಿ?" ಎಂದು ಅಜ್ಜಿ ನೆಲಕ್ಕೆ ಕೋಲು ಕುಟ್ಟಿ ಹೊರಟುಬಂದಳು. ಆ ಚಳಿಗಾಲವೇ ಹೋಗಿಬಿಟ್ಟಳು.

ಅಪ್ಪ ಯಾರ ಮೇಲೂ ಕೂಗಾಡಲಿಲ್ಲ. ಗುಡಾರ ಬಿಚ್ಚಿ, ಸಾಲ ತಂದ ಒಂದು ಎತ್ತಿನ ಮೇಲೆ ಹೇರಿ, ಎರಡು ಕಣಿವೆ ಆಚೆ ಹೋಗಿ ಒಬ್ಬ ವ್ಯಾಪಾರಿಯ ಕುರಿ ಕಾಯಲು ನಿಂತ. ನಗುವುದನ್ನು ಮಾತ್ರ ನಿಲ್ಲಿಸಿದ. ಹಲ್ಲು ಮುರಿದ ಬಾಯಿ ಮುಚ್ಚಿಕೊಂಡೇ ಇದ್ದರೆ ಮನುಷ್ಯ ಹೇಗೆ ಕಾಣುತ್ತಾನೆಂದು ನನಗೆ ಆಗ ಗೊತ್ತಾಯಿತು.

ದೊಡ್ಡಪ್ಪನ ಹೆಸರು ಮಾತ್ರ ಗಾಳಿಯ ಮೇಲೆ ಹೋಯಿತು. ತಮ್ಮನೆಂದೂ ನೋಡದ ಬಿಯ್! ಬೇರೆ ಕಣಿವೆಗಳಿಂದ ವ್ಯಾಜ್ಯ ಹೊತ್ತು ಅವನ ಬಳಿಗೇ ಬರತೊಡಗಿದರು. ಕರ್ನಲ್ ದೊರೆಯ ಕಿವಿಗೂ ಬಿತ್ತು. ಮುಂದಿನ ಬೊಲುಷ್ ಚುನಾವಣೆಯಲ್ಲಿ ಗೋಲಿಗಳು ಅವನ ಚೀಲದಲ್ಲೇ ತುಂಬಿದವು. ಎದೆಗೆ ಸರಪಳಿ, ಸರಪಳಿಯಲ್ಲಿ ಹಿತ್ತಾಳೆಯ ಮುದ್ರೆ, ಗವರ್ನರ್ ದೊರೆ ಕೊಟ್ಟ ಜರತಾರಿ ನಿಲುವಂಗಿ.

ತೆರಿಗೆ ಎತ್ತುವುದು, ದಾರಿ ರಿಪೇರಿಗೆ ಆಳು ಕಳಿಸುವುದು, ಬಂದ ಅಧಿಕಾರಿಗಳಿಗೆ ಗುಡಾರ ಹಾಕಿಸಿ ಕುರಿ ಕೊಯ್ಯಿಸುವುದು, ಇದೆಲ್ಲ ಬೊಲುಷನ ಕೆಲಸ. ಅದನ್ನು ಅಚ್ಚುಕಟ್ಟಾಗಿಯೇ ಮಾಡಿದ, ಯಾರಿಂದಲೂ ಒಂದು ಕುರಿ ಹೆಚ್ಚಿಗೆ ಎತ್ತಲಿಲ್ಲ. ಆದರೆ ಕಾಗದ ಅವನನ್ನು ಹಿಡಿಯಿತು. ಬಿಯ್ ಆಗಿದ್ದಾಗ ಜನರ ಮುಖ ನೋಡಿ ಮಾತಾಡುತ್ತಿದ್ದವನು ಈಗ ದುಭಾಷಿ ಓದಿದ್ದಕ್ಕೆ ತಲೆಯಾಡಿಸಿ, ಮುದ್ರೆಯನ್ನು ಮೇಣದಬತ್ತಿಯ ಹೊಗೆಗೆ ಹಿಡಿದು ಒತ್ತುತ್ತಿದ್ದ.

ಅವನು ಬೊಲುಷ್ ಆದ ಮರುವರ್ಷ ಗಡಿಯ ಹತ್ತಿರ ಒಬ್ಬ ಕುದುರೆ ಕಳ್ಳ ಸಿಕ್ಕಿಬಿದ್ದ. ಹಳೆಯದನ್ನೆಲ್ಲ ಕಕ್ಕುತ್ತಾ, ಏಳು ವರ್ಷದ ಹಿಂದೆ ತೆರೆಕ್-ಸೂ ಹೊಳೆಯೊಳಗೇ ಒಂಬತ್ತು ಹೆಣ್ಣುಕುದುರೆ ಅಟ್ಟಿಕೊಂಡು ಹೋದದ್ದನ್ನೂ ಹೇಳಿದ. ಎರ್ನಾಜರ್ ಆ ವಾರವೇ ನಮ್ಮ ಗುಡಾರಕ್ಕೆ ಬಂದ. ಇಪ್ಪತ್ತೇಳು ಕುದುರೆಗಳನ್ನು ಹೊರಗೆ ಕಟ್ಟಿ, ಟೊಪ್ಪಿಗೆ ತೆಗೆದು ಬಾಗಿಲಲ್ಲೇ ಕೂತ.

"ಕುರ್ಮಾನ್, ನಾನು ನಿನ್ನ ಮನೆ ಹಾಳು ಮಾಡ್ದೆ."

"ನೀನು ಕೇಳ್ದೆ ಅಷ್ಟೆ. ಕೇಳೋದು ನಿನ್ನ ಹಕ್ಕು. ಒಳಗೆ ಬಾ, ಚಹಾ ಕುಡಿ" ಎಂದ ಅಪ್ಪ.

ದೊಡ್ಡಪ್ಪ ಬರಲಿಲ್ಲ. ಆಳಿನ ಕೈಯಲ್ಲಿ ಗವರ್ನರನ ನಿಲುವಂಗಿ ಕಳಿಸಿದ. ಅಮ್ಮ ಅದನ್ನು ಬಿಡಿಸಿ ನೋಡಿ, ಮುನ್ನಾದಿನ ಹುಟ್ಟಿ ಚಳಿಗೆ ನಡುಗುತ್ತಿದ್ದ ಕರುವಿಗೆ ಹೊದಿಸಿ ಹಗ್ಗ ಬಿಗಿದಳು. ನಮ್ಮ ಕರು ಆ ಚಳಿಗಾಲವೆಲ್ಲ ಜರತಾರಿ ತೊಟ್ಟು ಸಗಣಿ ಹಾಕಿಕೊಂಡು ಓಡಾಡಿತು. ನನಗೆ ಅದನ್ನು ನೆನೆದರೆ ಇಂದಿಗೂ ಖುಷಿ.

ನಾವು ತೆರೆಕ್-ಸೂಗೆ ವಾಪಸಾದೆವು. ಎರಡು ಗುಡಾರಗಳ ನಡುವೆ ಕೂಗಳತೆ ದೂರ, ಐದು ವರ್ಷ ಒಂದು ಮಾತಿಲ್ಲ. ನನ್ನನ್ನು ಒಬ್ಬ ಬಡ ಹುಡುಗನಿಗೆ ಕೊಟ್ಟು ಮನೆ ಅಳಿಯ ಮಾಡಿಕೊಂಡರು. ಒಳ್ಳೆಯವನು. ನನಗೆ ಗಂಡುಮಗು ಹುಟ್ಟಿತು, ತಿಲೆಕ್ ಎಂದು ಹೆಸರಿಟ್ಟೆವು. ಅದನ್ನು ಎತ್ತಿಕೊಂಡ ದಿನ ಅಪ್ಪ ಬಾಯಿಬಿಟ್ಟು ನಕ್ಕ, ಹನ್ನೆರಡು ವರ್ಷದ ಮೇಲೆ.

ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಭೂಮಿ ಅಳೆಯುವವರು ಸರಪಳಿ, ಕೆಂಪು ಕಂಬ ಹಿಡಿದು ಬಂದಿದ್ದರು. ರಷ್ಯಾದಿಂದ ಬರುವ ರೈತರಿಗೆ ಖಾಲಿ ಭೂಮಿ ಬೇಕಾಗಿತ್ತು. ಬೇಸಿಗೆಯಲ್ಲಿ ನಾವೆಲ್ಲ ಮೇಲೆ ಇರುತ್ತೇವೆ, ಚಳಿಗಾಲದ ಜಾಗ ಖಾಲಿಯಾಗಿಯೇ ಕಾಣುತ್ತದೆ. ಕಂಡದ್ದನ್ನೇ ಅವರು ಬರೆದುಕೊಂಡರು. ಕೊನೆಗೆ ಎರಡು ಜಾಗ ಉಳಿಯಿತು: ನಮ್ಮ ತೆರೆಕ್-ಸೂ ಕೆಳದಂಡೆ, ಸಾರಿ ಕುಲದ ಕಾರಾ-ಬುಲಾಕ್. ಯಾವುದು ನಿಜವಾಗಿ ಖಾಲಿ ಎಂದು ಬೊಲುಷ್ ಬರೆದುಕೊಡಲಿ ಎಂದರು. ದೊಡ್ಡಪ್ಪ ಮುದ್ರೆ ಒತ್ತಿದ. ಕಾಗದದಲ್ಲಿ ಇದ್ದದ್ದು ಇಷ್ಟು: "ಹೋದ ಚಳಿಗಾಲ ನಾನೇ ಕಾರಾ-ಬುಲಾಕಿಗೆ ಹೋಗಿ ಕಣ್ಣಾರೆ ಕಂಡೆ. ಅಲ್ಲಿ ಯಾರೂ ಇಲ್ಲ."

ಶರತ್ಕಾಲದಲ್ಲಿ ಸಾರಿ ಕುಲದವರು ಮೇಲಿನಿಂದ ಇಳಿದುಬಂದರೆ ಅವರ ನಲವತ್ತು ಒಲೆಗಳ ಜಾಗದಲ್ಲಿ ನೇಗಿಲು ಹೊಡೆದಿತ್ತು. ಆ ಚಳಿಗಾಲ ಅವರು ಬಯಲಲ್ಲಿ ಕಳೆದರು. ಕುರಿಗಳು ನಿಂತಲ್ಲೇ ಹೆಪ್ಪುಗಟ್ಟಿದವು, ನಾಲ್ವರು ಮುದುಕರು ಸತ್ತರು.

ಎರ್ನಾಜರ್ ಕಾರಾಕೋಲಿಗೆ ಹೋಗಿ ಕಾಗದ ಓದಿಸಿಕೊಂಡು ಬಂದ. ದೊಡ್ಡಪ್ಪ ಬಗ್ಗಲಿಲ್ಲ. ದೊಡ್ಡ ಹಿಮ ಬಿದ್ದಾಗ ನೀವೆಲ್ಲ ಕೆಳಗೆ ಇಳಿದಿದ್ದಿರಿ, ನಾನು ಹೋದಾಗ ಯಾರೂ ಇರಲಿಲ್ಲ, ಕಂಡದ್ದನ್ನೇ ಬರೆದೆ ಎಂದ. ಹಿಮ ಬಿದ್ದಾಗ ಅವರು ಹದಿನೈದು ದಿನ ಕೆಳಗೆ ಇಳಿದದ್ದಂತೂ ನಿಜ. ಹಾಗಾದರೆ ಉಳಿದದ್ದು ಒಂದೇ: ಬೊಲುಷ್ ಹೋಗಿದ್ದನೇ, ಇಲ್ಲವೇ? ಕರ್ನಲ್ ದೊರೆ, ನಿಮ್ಮ ಪದ್ಧತಿಯಂತೆ ತೀರ್ಮಾನಿಸಿಕೊಳ್ಳಿ ಎಂದ. ಹೋಗಿದ್ದರೆ ಕಾಗದ ನಿಲ್ಲುತ್ತದೆ, ಇಲ್ಲದಿದ್ದರೆ ಕಾಗದವೂ ಬೀಳುತ್ತದೆ, ಬೊಲುಷನೂ ಬೀಳುತ್ತಾನೆ.

ಹೋದದ್ದನ್ನು ಕಂಡವರಿಲ್ಲ. ಹೋಗದೆ ಇದ್ದದ್ದನ್ನು ಕಾಣುವುದಾದರೂ ಹೇಗೆ? ಮತ್ತೆ ಆಣೆ. ಮತ್ತೆ ಎರ್ನಾಜರನೇ ಆರಿಸಬೇಕು.

"ಕುರ್ಮಾನ್" ಎಂದ. ಸುತ್ತ ಕೂತವರೆಲ್ಲ ಉಸಿರು ಬಿಟ್ಟರು. ಇದು ಆಣೆಯೇ ಅಲ್ಲ, ತೀರ್ಪು ಎಂದು ಎಲ್ಲರಿಗೂ ಅನ್ನಿಸಿತು. ಎಲ್ಲ ಬಿಟ್ಟು ಕುರ್ಮಾನ್ ಇವನಿಗಾಗಿ ಜೀವ ಕೊಡುತ್ತಾನೆಯೇ?

ಮರುದಿನ ಮಧ್ಯಾಹ್ನ ದೊಡ್ಡಪ್ಪ ನಮ್ಮ ಗುಡಾರದೊಳಗೆ ಬಂದ, ಹನ್ನೆರಡು ವರ್ಷದಲ್ಲಿ ಮೊದಲ ಸಲ. ಅಪ್ಪ ಹಿರಿಯರ ಜಾಗ ತೋರಿಸಿದ. ನಾನು ಚಹಾ ಬಗ್ಗಿಸಿದೆ, ಬಟ್ಟಲನ್ನು ಬೇಕೆಂದೇ ಅಂಚಿನವರೆಗೆ ತುಂಬಿಸಿದೆ. ತುಂಬಿದ ಬಟ್ಟಲು ಕೊಟ್ಟರೆ ಬೇಗ ಕುಡಿದು ಎದ್ದುಹೋಗು ಎಂದರ್ಥ. ಅಮ್ಮ ಭಾವನ ಜೊತೆ ನೇರವಾಗಿ ಮಾತಾಡುವ ಹಾಗಿಲ್ಲ, ಅದಕ್ಕೆ ಚಹಾ ಕಾಯಿಸುವ ಸಮೋವರಿಗೆ ಹೇಳಿದಳು.

"ನೋಡಿದ್ಯಾ ಸಮೋವರ್, ಬೆಂಕಿ ಬಿದ್ದ ಮೇಲೆ ಕೆಲವರಿಗೆ ಬಾವಿ ನೆನಪಾಗುತ್ತೆ. ಇನ್ನೊಂದು ಅಂಗಿ ತಂದಿದ್ದಾರೋ ಏನೋ ಕೇಳು, ಕರು ದೊಡ್ಡದಾಗಿದೆ."

ದೊಡ್ಡಪ್ಪನ ಮುಖ ಕೆಂಪಾಯಿತು. "ಕುರ್ಮಾನ್, ಆ ಚಳಿಗಾಲ ನಾನು..." ಎಂದು ಶುರು ಮಾಡಿದ.

"ನಾನು ಕೇಳಿದ್ನಾ?" ಎಂದ ಅಪ್ಪ.

"ಹೇಳ್ಬೇಕು ಅಂತಲೇ ಬಂದೆ. ನಮ್ಮ ಕೆಳದಂಡೆ ಹೋಗ್ತಿತ್ತು ಕಣೋ. ನಿನ್ನ ಬಿಡಾರಾನೂ ಅಲ್ಲೇ..."

"ಕೇಳಿಲ್ಲ ಅಂದ್ನಲ್ಲ ಅಣ್ಣ. ಬೊರ್ಸೊಕ್ ತಗೋ, ಆರಿ ಹೋಗುತ್ತೆ."

 ಅಪ್ಪನ ಮುಖ ನೋಡಿದರೆ ಆಣೆ ಇಡುತ್ತಾನೋ ಇಲ್ಲವೋ ನನಗೇ ತಿಳಿಯಲಿಲ್ಲ. ದೊಡ್ಡಪ್ಪ ತಿಳಿದುಕೊಂಡ ಹಾಗೆ ಕಾಣಿಸಿತು. ಬಟ್ಟಲು ಮಗುಚಿಟ್ಟು, ಭುಜ ಇಳಿಸಿಕೊಂಡು ಹೋದ.

ಅವನು ಆಚೆ ಹೋದದ್ದೇ ತಡ, ನಾನು ಅಪ್ಪನ ಮೇಲೆ ಹರಿಹಾಯ್ದೆ. "ನಾಳೆ ಆಣೆ ಇಡ್ತೀಯಾ?"

"ಕರೆದಿದ್ದಾರೆ, ಹೋಗ್ತೀನಿ."

"ಅವನು ಸುಳ್ಳು ಹೇಳ್ತಿದ್ದಾನೆ, ಮುಖದಲ್ಲೇ ಬರೆದಿದೆ! ಸುಳ್ಳಾದ್ರೆ ಹೋಗೋದು ನನ್ನ ಮಗು. ಅವನ ಮಗು ಅಲ್ಲ, ನನ್ನದು!"

ಅಪ್ಪ ತೊಟ್ಟಿಲ ಕಡೆ ನೋಡಿದ. "ಅವನ ಬಾಯಿಂದ ಸುಳ್ಳು ನಾನು ಇವತ್ತಿನವರೆಗೆ ಕೇಳಿಲ್ಲ, ಬೂರುಲ್. ಕಾಗದ ಓದೋಕೆ ನಂಗೆ ಬರಲ್ಲ. ಮನುಷ್ಯ ಗೊತ್ತು."

"ಅವನಿಗೆ ನೀನು ಗೊತ್ತಿರ್ಲಿಲ್ವಲ್ಲ!"

"ಅದಕ್ಕೆ ನಾನೂ ಹಾಗೇ ಮಾಡ್ಬೇಕಾ?"

ಮಾರನೆಯ ದಿನ ನಾನು ಮಗುವನ್ನು ಎತ್ತಿಕೊಂಡೇ ಹೋದೆ. ಇಳಿಜಾರಿನಲ್ಲಿ ಹೆಂಗಸರ ಹಿಂದೆ ನಿಲ್ಲಲಿಲ್ಲ. ಎಲ್ಲರಿಗಿಂತ ಮುಂದೆ ಬಂದು, ಗೋರಿ ಸುತ್ತುವವನ ಕಣ್ಣಿಗೆ ಬೀಳುವ ಹಾಗೆ ತಿಲೆಕನನ್ನು ಎದೆಯ ಮೇಲೆ ಎತ್ತರಕ್ಕೆ ಹಿಡಿದು ನಿಂತೆ. ಯಾರೋ ನನ್ನ ಅಂಗಿ ಹಿಡಿದು ಎಳೆದರು. ಕೈ ಕೊಡವಿದೆ. ಅಪ್ಪನ ಮೇಲೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ಕರೆದರು. ಅಪ್ಪ ಟೊಪ್ಪಿಗೆ ಸರಿಮಾಡಿಕೊಂಡು ನಡೆದ. ಒಂದು ಸುತ್ತು. ತಿರುಗುವಾಗ ನನ್ನನ್ನು ನೋಡಿದ, ಮಗುವನ್ನು ನೋಡಿದ. ಎರಡನೇ ಸುತ್ತಿನಲ್ಲಿ ನನ್ನ ಕಡೆ ನೋಡಲಿಲ್ಲ, ಮುಖದ ಬಣ್ಣ ಹೋಗಿತ್ತು. ಆದರೆ ಕಾಲು ತಡವರಿಸಲಿಲ್ಲ. ಕೋವಿ ಹಿಡಿದವನು ನಳಿಗೆಯನ್ನು ಅವನ ತುಟಿಯ ಎತ್ತರಕ್ಕೆ ಎತ್ತಿದ. ಮೂರನೇ ಸುತ್ತು ಅರ್ಧ ಆಗಿತ್ತು.

"ನಿಲ್ಲು!"

ದೊಡ್ಡಪ್ಪ ಎದ್ದಿದ್ದ. ಎದ್ದ ರಭಸಕ್ಕೆ ಸರಪಳಿ ಸಿಕ್ಕಿ, ಮುದ್ರೆ ಎದೆಯ ಮೇಲೆ ಅಡ್ಡ ಬಿದ್ದಿತ್ತು.

"ಕುರ್ಮಾನ್, ನಿಲ್ಲೋ. ನಾನು ಹೋಗಿಲ್ಲ. ಕಾರಾ-ಬುಲಾಕಿಗೆ ನಾನು ಹೋಗೇ ಇಲ್ಲ. ಏನೂ ಕಂಡಿಲ್ಲ."

ಮುಂದೆ ಸರಕಾರದ ಕಡೆಯಿಂದ ಆದದ್ದು ಇಷ್ಟೆ. ಕರ್ನಲ್ ದೊರೆ ಮುದ್ರೆ ಕಿತ್ತುಕೊಂಡು ದೊಡ್ಡಪ್ಪನನ್ನು ಜೈಲಿಗೆ ಹಾಕಿದ. ರಷ್ಯಾದ ರೈತರು ಆಗಲೇ ಮನೆ ಕಟ್ಟಿಕೊಂಡಿದ್ದರಿಂದ ಕಾರಾ-ಬುಲಾಕಿನ ಮೇಲಿನ ಅರ್ಧ ಮಾತ್ರ ಸಾರಿ ಕುಲಕ್ಕೆ ಮರಳಿತು. ಅದರ ಬದಲಿಗೆ ನಮ್ಮ ಕೆಳದಂಡೆಯ ಅರ್ಧ ಹೋಯಿತು. ನಮ್ಮವರು ದೊಡ್ಡಪ್ಪನಿಗೆ ಶಾಪ ಹಾಕಿದರು, ಅವನ ಸ್ವಂತ ಮಕ್ಕಳು ಗುಡಾರ ಕಿತ್ತುಕೊಂಡು ದೂರ ಹೋದರು. ಜೈಲಿನಿಂದ ಬಂದವನನ್ನು ಕರೆತಂದದ್ದು ಅಪ್ಪ.

ಆದರೆ ಆ ದಿನ, ಗೋರಿಯ ಮುಂದೆ, ಮೊದಲು ಮಾತಾಡಿದ್ದು ಎರ್ನಾಜರ್. ಗೆದ್ದವನಂತೆ ಅವನು ಕಾಣುತ್ತಿರಲಿಲ್ಲ.

"ಜುನುಷ್, ಇನ್ನು ಹತ್ತು ಹೆಜ್ಜೆ ಇತ್ತು. ಬಾಯಿ ಮುಚ್ಕೊಂಡಿದ್ದಿದ್ರೆ ನಾನು ಎದ್ದು ಮನೆಗೆ ಹೋಗ್ತಿದ್ದೆ. ನಾಲ್ಕು ಹೆಣ ಬಿದ್ದಾಗ ಹೇಳ್ದೆ ಇದ್ದೋನು ಈಗ ಯಾಕೆ ಹೇಳ್ದೆ?"

ದೊಡ್ಡಪ್ಪ ನನ್ನ ಕೈಯಲ್ಲಿದ್ದ ಮಗುವನ್ನು ನೋಡಿದ, ಆಮೇಲೆ ತಮ್ಮನನ್ನು.

"ಇವನು ಆಣೆ ಇಡ್ತಾನೆ ಅಂತ ನಂಗೆ ಗೊತ್ತಿರ್ಲಿಲ್ಲ" ಎಂದ. "ಇಡಲ್ಲ ಅಂದ್ಕೊಂಡಿದ್ದೆ. ತಮ್ಮ ಹಳೇ ಸೇಡು ತೀರಿಸ್ಕೊಂಡ ಅಂತ ಜನ ಅಂತಾರೆ, ನನ್ನ ಮಾತು ಸುಳ್ಳು ಅಂತ ಯಾರೂ ಅನ್ನಲ್ಲ, ಹಾಗೇ ಹೋಗ್ಬಿಡಬಹುದು ಅಂತ ಬಂದಿದ್ದೆ."

ಅಪ್ಪ ಗೋರಿಯ ಆ ಕಡೆ ನಿಂತಿದ್ದವನು ಈ ಕಡೆ ಬಂದ. "ಅಂದ್ರೆ ಈಗ್ಲೂ ನಾನು ನಿನಗೆ ಗೊತ್ತಾಗ್ಲಿಲ್ಲ."

"ಇಲ್ಲ" ಎಂದ ದೊಡ್ಡಪ್ಪ.

ಕುದುರೆಗಳು ಹೋದಾಗ, ನನ್ನ ಮದುವೆ ಮುರಿದಾಗ, ಅಜ್ಜಿಯನ್ನು ಮಣ್ಣು ಮಾಡಿದಾಗ ಅಳದ ನನ್ನ ಅಪ್ಪ ಅಲ್ಲಿ ಎರಡು ಕುಲದವರ ಮುಂದೆ ಗಟ್ಟಿಯಾಗಿ ಅತ್ತ. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಅಳುತ್ತಲೇ ಹೋಗಿ ತನ್ನ ಕುದುರೆ ತಂದ. ಎಂದೂ ಅಣ್ಣನಿಗೆ ಎದುರು ಮಾತಾಡದವನು, "ಹತ್ತು" ಎಂದು ಗದರಿದ. ದೊಡ್ಡಪ್ಪನಿಗೆ ಹತ್ತಲಾಗದಿದ್ದಾಗ ಸೊಂಟಕ್ಕೆ ಕೈ ಕೊಟ್ಟು ಎತ್ತಿ ಕೂರಿಸಿದ. ಲಗಾಮು ಹಿಡಿದು ಮುಂದೆ ನಡೆದ. ನಾನು ಮಗುವನ್ನು ಎದೆಗೆ ಒತ್ತಿಕೊಂಡು ಅವರ ಹಿಂದೆ ಹೋದೆ.